ಮಾಹಿತಿದಾರ ನಾಲ್ಕು ಕೊಟ್ಟ ಮಾತು

ವಿಶ್ವವಿದ್ಯಾಲಯದ ಸಂಶೋಧನಾ ನೀತಿ ಕಚೇರಿಯ ಮುಖ್ಯಸ್ಥರಿಗೆ,

ಮಾನ್ಯರೇ,

ಬರುವ ಗುರುವಾರ ಮಧ್ಯಾಹ್ನ ಎರಡು ಗಂಟೆಗೆ, ವಾರದ ರಜೆಗೆ ಬಾಗಿಲು ಹಾಕುವ ಮುನ್ನ, ನಿಮ್ಮ ಸಿಬ್ಬಂದಿ ತೀರಿಕೊಂಡ ಒಬ್ಬ ಹಿರಿಯರ ಹನ್ನೊಂದು ಗಂಟೆಗಳ ಮಾತನ್ನು ಅಳಿಸಿಹಾಕಲಿದ್ದಾರೆ. ಅದೂ ಅವರಿಗೆ ಅನ್ಯಾಯವಾಗಬಾರದು ಎಂಬ ಕಾಳಜಿಯಿಂದ. ಇದು ನನ್ನ ಕುಹಕವಲ್ಲ, ನಿಮ್ಮ ಪತ್ರದ ಮೂರನೆಯ ಸಾಲು: "ಸಂಶೋಧನೆಯಲ್ಲಿ ಪಾಲ್ಗೊಂಡವರ ಹಿತರಕ್ಷಣೆಗಾಗಿ." ಪಾಲ್ಗೊಂಡವರು ಮಾರ್ಚ್ ತಿಂಗಳಲ್ಲೇ ಮಣ್ಣಾಗಿದ್ದಾರೆ. ಅವರ ಹಿತವನ್ನು ಇಷ್ಟು ಶ್ರದ್ಧೆಯಿಂದ ಕಾಯುತ್ತಿರುವ ಕಚೇರಿ ಇಡೀ ಒಮಾನಿನಲ್ಲಿ ಇನ್ನೊಂದಿರಲಾರದು.

ನಾನು ಟುನೀಶಿಯಾದ ಗಾಬಿಸ್ ಊರಿನವಳು. ನೀರಾವರಿಯ ಇತಿಹಾಸ ಕಲಿಸುವುದು ನನ್ನ ಕಸುಬು. ಎರಡು ವರ್ಷದ ಹಿಂದೆ ನಿಮ್ಮ ವಿಶ್ವವಿದ್ಯಾಲಯವೇ ನನ್ನನ್ನು ಸಂದರ್ಶಕ ಪ್ರಾಧ್ಯಾಪಕಿಯಾಗಿ ಕರೆಸಿಕೊಂಡಿತು. ಬಂದವಳಿಗೆ ಒಂದು ಕೋಣೆ, ಒಂದು ಗುರುತಿನ ಚೀಟಿ ಮತ್ತು "ಕ್ಷೇತ್ರಕಾರ್ಯದ ನೀತಿ" ಎಂಬ ಪಾಠ ಕೊಟ್ಟಿತು. ಮೊದಲ ವಾರವೇ ತರಗತಿಯಲ್ಲಿ ನಿಮ್ಮ ಏಳು ಪುಟಗಳ ಒಪ್ಪಿಗೆ ಪತ್ರವನ್ನು ಹಂಚಿದೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು, "ಮೇಡಂ, ಇದನ್ನ ನಮ್ಮಜ್ಜಿ ಹತ್ರ ತಗೊಂಡು ಹೋದ್ರೆ ಚಪ್ಪಲೀಲಿ ಹೊಡೀತಾರೆ," ಎಂದ. ಇಡೀ ತರಗತಿ ನಕ್ಕಿತು. ಪರೀಕ್ಷೆಯಲ್ಲಿ ಹಾಗೆಲ್ಲ ಬರೆಯಬೇಡಪ್ಪ, ಪುಸ್ತಕದಲ್ಲಿರುವಂತೆ ಬರಿ ಎಂದು ಬುದ್ಧಿ ಹೇಳಿದೆ. ಪುಸ್ತಕದಲ್ಲಿರುವಂತೆಯೇ ಬರೆದ. ಪೂರ್ತಿ ಅಂಕ ಕೊಟ್ಟೆ. ಆ ಅಂಕಗಳಲ್ಲಿ ಅರ್ಧವನ್ನು ಈಗ ವಾಪಸ್ ತೆಗೆದುಕೊಳ್ಳುವ ಹಾಗಿದ್ದರೆ ದಯವಿಟ್ಟು ತಿಳಿಸಿ.

ಇನ್ನು ನಿಮ್ಮ ಕಡತದಲ್ಲಿ "ಮಾಹಿತಿದಾರ ನಾಲ್ಕು" ಎಂದಿರುವವರ ವಿಷಯ. ಅವರ ಹೆಸರು ಮುಹನ್ನಾ ಬಿನ್ ಖಲ್ಫಾನ್. ಹೆಸರು ಹೊರಗೆ ಬಿಡುವುದಿಲ್ಲ ಎಂದು ನಾನು ನಿಮಗೆ ಮುಚ್ಚಳಿಕೆ ಬರೆದುಕೊಟ್ಟಿದ್ದೇನೆ, ನೆನಪಿದೆ. ಮುರಿದಿದ್ದೇನೆ. ಯಾಕೆ ಎನ್ನುವುದನ್ನು ಮುಂದೆ ಅವರ ಬಾಯಿಂದಲೇ ಕೇಳುವಿರಂತೆ.

ಇಲ್ಲಿಂದ ಒಂದೂವರೆ ಗಂಟೆ ದಾರಿಯಲ್ಲಿ, ಗುಡ್ಡದ ಬುಡದಲ್ಲಿ ಅವರ ಊರು. ಗುಡ್ಡದೊಳಗಿನಿಂದ ಬರುವ ಫಲಜ್ ಕಾಲುವೆಯೊಂದೇ ಅಲ್ಲಿನ ತೋಟಗಳಿಗೆ ಗತಿ. ಮಸೀದಿಯ ಪಕ್ಕದ ಬಯಲಲ್ಲಿ ಒಂದು ಕಂಬ ನೆಟ್ಟಿದೆ, ಸುತ್ತ ಕಲ್ಲುಗಳ ಸಾಲು. ಕಂಬದ ನೆರಳು ಯಾವ ಕಲ್ಲನ್ನು ಮುಟ್ಟಿತೋ ಆ ಕಲ್ಲಿನ ಒಡೆಯರ ತೋಟಕ್ಕೆ ನೀರು ತಿರುಗಬೇಕು. ಒಂದು ಕಲ್ಲಿನಿಂದ ಇನ್ನೊಂದಕ್ಕೆ ಸುಮಾರು ಅರ್ಧ ಗಂಟೆ. ಹತ್ತು ದಿನಕ್ಕೊಮ್ಮೆ ಸರದಿ. ಎಲ್ಲರ ಕೈಯಲ್ಲೂ ಗಡಿಯಾರ ಇದೆ, ಆದರೂ ಜಗಳ ಬಂದರೆ ಕಂಬದ ಹತ್ತಿರವೇ ಓಡುತ್ತಾರೆ. ಯಾವ ಕಲ್ಲು ಯಾರದು, ಯಾರಿಂದ ಯಾರಿಗೆ ಬಂತು, ಯಾವುದು ಮಸೀದಿಗೆ ಬಿಟ್ಟದ್ದು ಎನ್ನುವುದೆಲ್ಲ ಮುಹನ್ನಾ ಅವರ ತಲೆಯಲ್ಲಿತ್ತು. ಐವತ್ತು ವರ್ಷ ಅವರೇ ನೆರಳು ನೋಡಿದವರು. ಪುಸ್ತಕ ಬರೆದಿಟ್ಟಿಲ್ಲವೇ ಯಜಮಾನ್ರೇ ಎಂದು ಒಮ್ಮೆ ಕೇಳಿದ್ದೆ. "ಬರೆದಿಟ್ರೆ ನನ್ನನ್ನ ಯಾರು ಮಾತಾಡಿಸ್ತಾರೆ?" ಎಂದರು.

ಜನವರಿಯ ಒಂದು ಮಧ್ಯಾಹ್ನ ಅವರ ಮನೆಗೆ ಮೊದಲ ಸಲ ಹೋದೆ. ಮಗಳು ನಸ್ರಾ ಅಲ್ಲಿನ ಶಾಲೆಯಲ್ಲಿ ಮೇಡಂ. ಖರ್ಜೂರ ತಂದಿಟ್ಟಳು. ಯಜಮಾನರು ತಾವೇ ಹೂಜಿ ಎತ್ತಿ, ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಕಾಫಿ ಬಗ್ಗಿಸಿ ನನ್ನ ಕೈಗೆ ಕೊಟ್ಟರು. ಬಾಯಿಗಿಡಬೇಕು, ಅಷ್ಟರಲ್ಲಿ ನಿಮ್ಮ ನೆನಪಾಯಿತು. ಸಹಿಯಾಗದೆ ಒಂದು ಮಾತೂ ಆಡಿಸಕೂಡದು ಎಂದಿತ್ತಲ್ಲ! ಬಟ್ಟಲನ್ನು ಚಾಪೆಯ ಮೇಲಿಟ್ಟು ಚೀಲದಲ್ಲಿ ನಿಮ್ಮ ಏಳು ಪುಟಗಳಿಗಾಗಿ ತಡಕಾಡತೊಡಗಿದೆ. ಯಜಮಾನರು ಹೂಜಿ ಕೆಳಗಿಟ್ಟು ನೆಟ್ಟಗೆ ಕೂತರು.

"ಕುಡಿ ಮಗಳೇ. ನೀನು ಕೇಳೋಕೆ ಬಂದಿದ್ದನ್ನ ಕೊಟ್ಟಾಯ್ತು."

"ನಾನಿನ್ನೂ ಏನೂ ಕೇಳೇ ಇಲ್ವಲ್ಲ ಯಜಮಾನ್ರೇ?"

"ಕೇಳೋದೇನು ಬಂತು, ಬಟ್ಟಲು ಕೆಳಗಿಟ್ಟೆಯಲ್ಲ. ಕೊಟ್ಟೆ ಅಂದೆ. ಕುಡಿ, ಆರಿಹೋಗತ್ತೆ."

ನಮ್ಮ ಗಾಬಿಸಿನಲ್ಲಿ ಬಟ್ಟಲು ಕೆಳಗಿಟ್ಟರೆ ಕಾಫಿ ಸುಡುತ್ತಿದೆ ಎಂದಷ್ಟೇ ಅರ್ಥ. ನಸ್ರಾ ನನ್ನ ಕಿವಿಯ ಹತ್ತಿರ ಬಂದು, "ಇಲ್ಲಿ ಏನಾದ್ರೂ ಬೇಡೋಕೆ ಬಂದವರು ಕಾಫಿ ಮುಟ್ಟದೆ ಕೆಳಗಿಡ್ತಾರೆ ಡಾಕ್ಟರಮ್ಮ. ಮನೆಯವರು ಕೊಟ್ಟೆ ಅನ್ನೋವರೆಗೂ ಕುಡಿಯಲ್ಲ. ಅಪ್ಪ ಅಂದುಬಿಟ್ರು. ಇನ್ನು ತಲೆ ಹೋದ್ರೂ ವಾಪಸ್ ತಗೊಳಲ್ಲ," ಎಂದಳು.

ನಾನು ಏನು ಬೇಡುತ್ತೇನೆಂದು ಕೇಳದೆಯೇ ಕೊಟ್ಟ ಮನುಷ್ಯ! ಇದಕ್ಕಿಂತ ದೊಡ್ಡ ಒಪ್ಪಿಗೆ ಯಾವ ಕಚೇರಿಗೆ ಬೇಕು? ಅಲ್ಲಿಗೆ ಕಾಫಿ ಕುಡಿದು ಸುಮ್ಮನಿರಬೇಕಿತ್ತು. ಆದರೆ ನಾನು ನೀತಿ ಕಲಿಸುವವಳು ನೋಡಿ. ಏಳು ಪುಟಗಳನ್ನು ತೆಗೆದು ಅವರ ಮುಂದೆ ಹಿಡಿದೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಮಗಳಿಗೆ ಕೊಟ್ಟು ಓದು ಎಂದರು. ನಸ್ರಾ ಶಾಲೆಯ ದನಿಯಲ್ಲಿ ಓದತೊಡಗಿದಳು.

"ನಿಮ್ಮ ಹೆಸರನ್ನು ಗೌಪ್ಯವಾಗಿಡಲಾಗುವುದು."

"ಯಾಕೆ? ನಾನೇನು ಕದ್ದಿದೀನಾ?"

"ನಿಮ್ಮನ್ನು ಮಾಹಿತಿದಾರ ನಾಲ್ಕು ಎಂದು ಕರೆಯಲಾಗುವುದು."

"ನನಗೂ ಮುಂಚೆ ಮೂರು ಜನ ಇದಾರಾ? ಯಾರವರು? ಪಕ್ಕದೂರಿನವರಾ? ಅವರಿಗೇನು ಗೊತ್ತಿದೆ ನೀರಿನ ವಿಷಯ!"

"ಕಾರಣ ಹೇಳದೆ ಯಾವಾಗ ಬೇಕಾದರೂ ನೀವು ಹಿಂದೆ ಸರಿಯಬಹುದು."

ಯಜಮಾನರು ಕೈಯೆತ್ತಿ ಓದುವುದನ್ನು ನಿಲ್ಲಿಸಿದರು. ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಮಾತು ಕೊಟ್ಟು ಹಿಂದೆ ಸರಿಯೋದನ್ನ ಅಲ್ಲಿ ಪಾಠ ಮಾಡ್ತಾರಾ ಮಗಳೇ? ಅದಕ್ಕೂ ಸರ್ಟಿಫಿಕೇಟ್ ಉಂಟಾ?"

ನಾಚಿಕೆಯಿಂದ ನೆಲ ನೋಡಿದೆ. ಅವರು ನನ್ನ ಮೇಲೆ ಸಿಟ್ಟಾಗಲಿಲ್ಲ, ಆಗಿದ್ದರೇ ಚೆನ್ನಾಗಿತ್ತು. ಪರವೂರಿನ ಹೆಣ್ಣುಮಗಳು, ಪಾಪ, ಯಾರೋ ಹೇಳಿಕಳಿಸಿದ್ದಾರೆ ಎಂದು ಸಮಾಧಾನ ಮಾಡಿಕೊಂಡು, "ಸಹಿ ಹಾಕಲ್ಲ. ಕೊಟ್ಟೆ ಅಂದ ಮೇಲೆ ಸಹಿ ಹಾಕಿದ್ರೆ ಮೊದಲು ಅಂದಿದ್ದು ಸುಳ್ಳು ಅಂತಾಗತ್ತೆ. ಆ ಡಬ್ಬಿ ತಂದಿದೀಯಲ್ಲ, ಅದನ್ನ ಶುರು ಮಾಡು," ಎಂದರು. ಧ್ವನಿಮುದ್ರಣದ ಮೊದಲ ನಾಲ್ಕು ನಿಮಿಷ ಅವರು ಆ ಡಬ್ಬಿಗೆ ಹೇಳಿದ್ದು ಇಷ್ಟು: ತಾನು ಖಲ್ಫಾನನ ಮಗ ಮುಹನ್ನಾ, ಏಳು ತಲೆಮಾರಿನ ಹೆಸರು ಇಂತಿಂಥದು, ಇವತ್ತು ಇಳಿಹೊತ್ತಿನ ಅಸರ್ ನಮಾಜಿನ ನಂತರ ತನ್ನ ಮನೆಯಲ್ಲಿ ಕೂತು ಟುನೀಶಿಯಾದ ಈ ಮಗಳಿಗೆ ನೀರಿನ ಮಾತನ್ನೆಲ್ಲ ಕೊಡುತ್ತಿದ್ದೇನೆ, ಯಾರಿಗೆ ಬೇಕಾದರೂ ಕೇಳಿಸಲಿ, ತನ್ನ ಹೆಸರು ಹೇಳಿಯೇ ಕೇಳಿಸಲಿ, ಇದಕ್ಕೆ ನಸ್ರಾ ಸಾಕ್ಷಿ, ಈ ಹೂಜಿ ಸಾಕ್ಷಿ.

ಅಂದಿನಿಂದ ಐದು ವಾರ ಹನ್ನೊಂದು ಗಂಟೆ ಮಾತಾಡಿದರು. ನಿಯಮದಂತೆ ಎಲ್ಲವನ್ನೂ ತಂದು ನಿಮ್ಮ ಕಚೇರಿಗೆ ಒಪ್ಪಿಸಿದೆ. ನನ್ನ ಬಳಿ ಒಂದು ಪ್ರತಿಯನ್ನೂ ಇಟ್ಟುಕೊಳ್ಳಲಿಲ್ಲ. ಅಷ್ಟು ಪ್ರಾಮಾಣಿಕಳಾಗಿದ್ದೆ, ಅಥವಾ ಅಷ್ಟು ದಡ್ಡಿಯಾಗಿದ್ದೆ. ಮಾರ್ಚ್‌ನಲ್ಲಿ ಯಜಮಾನರು ತೀರಿಕೊಂಡರು. ಏಪ್ರಿಲ್‌ನಲ್ಲಿ ನಿಮ್ಮ ಪತ್ರ ಬಂತು: ಸಹಿಯಾದ ಒಪ್ಪಿಗೆ ಇಲ್ಲದ್ದರಿಂದ ಧ್ವನಿಮುದ್ರಣವನ್ನು ನಾಶಪಡಿಸಲಾಗುವುದು. ಒಪ್ಪಿಗೆ ಅದರೊಳಗೇ ಇದೆ, ಮೊದಲ ನಾಲ್ಕು ನಿಮಿಷ ಕೇಳಿ ಎಂದು ಬರೆದೆ. ನಿಮ್ಮ ಉತ್ತರವನ್ನು ನಾನು ಬಾಯಿಪಾಠ ಮಾಡಿಕೊಂಡಿದ್ದೇನೆ: "ಒಪ್ಪಿಗೆ ಇಲ್ಲದ ಧ್ವನಿಮುದ್ರಣವನ್ನು ಆಲಿಸುವುದು ನಿಯಮಬಾಹಿರ." ಒಪ್ಪಿಗೆ ಇದೆಯೋ ಇಲ್ಲವೋ ತಿಳಿಯಲು ಕೇಳಬೇಕು. ಕೇಳಲು ಒಪ್ಪಿಗೆ ಬೇಕು. ಇಂಥ ವಾಕ್ಯ ಬರೆದವರಿಗೆ ರಾತ್ರಿ ನಿದ್ದೆ ಹೇಗೆ ಬರುತ್ತದೆ ಎಂಬುದೇ ಒಂದು ಸಂಶೋಧನೆಗೆ ತಕ್ಕ ವಿಷಯ.

ಇಲ್ಲಿಗೇ ನಿಂತಿದ್ದರೆ ಇದು ನನ್ನೊಬ್ಬಳ ಗೋಳು. ಒಂದು ಲೇಖನ ಹೋಯಿತು ಎಂದು ಕೈತೊಳೆದುಕೊಂಡು ಗಾಬಿಸಿಗೆ ಹೊರಡುತ್ತಿದ್ದೆ. ಆದರೆ ನಸ್ರಾಳ ತೀರಿಕೊಂಡ ಅಮ್ಮ ನೆಟ್ಟ ಹದಿನೇಳು ಖರ್ಜೂರದ ಮರಗಳಿವೆ. ಅವಕ್ಕೆ ಬೆಳಗಿನ ಮೂರನೆಯ ಕಲ್ಲಿನ ನೀರು ಬರುತ್ತಿತ್ತು. ಆ ಕಲ್ಲು ಮೂಲದಲ್ಲಿ ಯಜಮಾನರ ತಮ್ಮನದು. ಆ ತಮ್ಮನ ಮಗ ಬದರ್, ತಂದೆ ಸತ್ತಮೇಲೆ ಅದು ತನ್ನದಾಗಬೇಕಲ್ಲವೇ, ದೊಡ್ಡಪ್ಪನ ಮುಖ ನೋಡಿ ಇಷ್ಟು ದಿನ ಸುಮ್ಮನಿದ್ದೆ ಎಂದು ಮೇ ತಿಂಗಳಿಂದ ನೀರನ್ನು ತನ್ನ ತೋಟಕ್ಕೆ ತಿರುಗಿಸಿಕೊಂಡಿದ್ದಾನೆ. ಕೆಟ್ಟವನಲ್ಲ. ನಸ್ರಾಳ ಮನೆ ಬಾಗಿಲಲ್ಲಿ ನಿಂತು, ನನ್ನ ಎದುರಿಗೇ ಹೇಳಿದ: "ಅಕ್ಕಾ, ನೀನು ಸುಳ್ಳು ಹೇಳ್ತೀಯ ಅಂತ ನಾನಂದಿಲ್ಲ. ದೊಡ್ಡಪ್ಪನ ಬಾಯಿಂದ ಒಂದ್ಸಲ ಕೇಳಿಸು, ಆ ಕ್ಷಣಾನೇ ಬಿಟ್ಟುಕೊಡ್ತೀನಿ. ನಂಗೂ ಮಕ್ಕಳಿದಾರೆ, ಸುಮ್ನೆ ಹೇಗೆ ಬಿಡಲಿ?"

ದೊಡ್ಡಪ್ಪ ಹೇಳಿದ್ದಾರೆ ಮಾನ್ಯರೇ. ಏಳನೆಯ ಗಂಟೆಯಲ್ಲಿ ಹೇಳಿದ್ದಾರೆ. ಪ್ರವಾಹ ಬಂದ ವರ್ಷ ತಮ್ಮನ ಹೆಂಡತಿಗೆ ಹಾಲು ಬತ್ತಿದಾಗ, ನಸ್ರಾಳ ಅಮ್ಮ ತನ್ನ ಕರೆಯುವ ಹಸುವನ್ನು ಕರುವಿನ ಸಮೇತ ಅವರ ಮನೆಗೆ ಕೊಟ್ಟಳು. ಅದಕ್ಕೆ ಬದಲಾಗಿ ಆ ತಮ್ಮನು ಮೂರನೆಯ ಕಲ್ಲಿನ ನೀರನ್ನು ಅವಳ ಹೆಸರಿಗೆ ಬಿಟ್ಟ. "ಆ ಹಾಲು ಕುಡಿದು ಬೆಳೆದವನೇ ನಮ್ಮ ಬದರು. ಅವನ ಕೆನ್ನೆ ನೋಡಿದ್ರೆ ಗೊತ್ತಾಗತ್ತೆ," ಎಂದು ಯಜಮಾನರು ನಕ್ಕದ್ದೂ ಅದರಲ್ಲಿದೆ. ಊರಿನ ಹಿರಿಯರ ಮುಂದೆ ನಾನೇ ಸಾಕ್ಷಿ ಹೇಳುತ್ತೇನೆಂದು ಹೋದೆ. "ನೀವು ಒಳ್ಳೆಯವರು ಡಾಕ್ಟರಮ್ಮ, ಆದ್ರೆ ನೀವು ನಸ್ರಾ ಮನೇಲಿ ಉಂಡವರು. ಮುಹನ್ನಾ ದನಿ ಕೇಳಿಸಿ, ಸಾಕು," ಎಂದರು. ಆ ಊರಿನಲ್ಲಿ ಯಜಮಾನರ ದನಿ ಸಹಿಗಿಂತ ಹೆಚ್ಚು. ಆ ದನಿ ನಿಮ್ಮ ಬೀರುವಿನಲ್ಲಿದೆ.

ನಸ್ರಾ ಶಾಲೆಗೆ ರಜೆ ಹಾಕಿ, ತಂದೆಯ ಮರಣ ಪ್ರಮಾಣಪತ್ರ ಹಿಡಿದು ನಿಮ್ಮ ಕಚೇರಿಗೆ ಬಂದಳು. ವಾರಸುದಾರರು ಒಪ್ಪಿಗೆ ಕೊಡಬಹುದು ಎಂಬ ನಿಯಮ ನಿಮ್ಮ ಪುಸ್ತಕದಲ್ಲೇ ಇದೆಯಲ್ಲ. ನಿಮ್ಮ ಗುಮಾಸ್ತರು ಸಭ್ಯರು, ಕುರ್ಚಿ ಕೊಟ್ಟು, ಕಡತ ತೆರೆದು, ವಿಷಾದದಿಂದ ಹೇಳಿದರು: "ಮಾಹಿತಿದಾರ ನಾಲ್ಕರ ಹೆಸರು ಗೌಪ್ಯ ಅಮ್ಮಾ. ಅವರು ಯಾರು ಅಂತ ನಾವು ಹೇಳೋ ಹಾಗಿಲ್ಲ. ಆದ್ದರಿಂದ ನೀವು ಅವರ ಮಗಳು ಅಂತ ಒಪ್ಪಿಕೊಳ್ಳೋಕೂ ಬರಲ್ಲ."

"ಸ್ವಾಮೀ, ಹೊರಗೆ ಗೋಡೆ ಮೇಲಿರೋದು ಯಾರು ಹಾಗಾದ್ರೆ?" ಎಂದಳು ನಸ್ರಾ.

ಅವಳು ಕೇಳಿದ್ದು ನ್ಯಾಯವೇ. ನಿಮ್ಮ ಕಟ್ಟಡದ ಹಜಾರದಲ್ಲಿ, ಬಾಗಿಲಿನ ಬಲಗಡೆ, ಆಳೆತ್ತರದ ಒಂದು ಚಿತ್ರವಿದೆ. ಕಂಬದ ಪಕ್ಕ ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತ ಮುದುಕರು. ಕೆಳಗೆ "ನಮ್ಮ ಪರಂಪರೆ, ನಮ್ಮ ಹೆಮ್ಮೆ" ಎಂದಿದೆ. ವಾರ್ಷಿಕೋತ್ಸವಕ್ಕೆಂದು ನಿಮ್ಮ ಪ್ರಚಾರ ವಿಭಾಗದವರು ಹೋಗಿ ತೆಗೆದದ್ದು. ಅದಕ್ಕೆ ಏಳು ಪುಟ ಬೇಕಾಗಲಿಲ್ಲ, ಒಂದು ಪುಟವೂ ಬೇಕಾಗಲಿಲ್ಲ. ಮುಖವನ್ನು ಗೋಡೆಗೆ ಹಾಕಿಕೊಳ್ಳಬಹುದು, ಬಾಯಿ ತೆರೆದರೆ ಮಾತ್ರ ಆ ಮನುಷ್ಯನಿಗೆ ಅಪಾಯ! ಎರಡು ತಿಂಗಳಿಂದ ದಿನವೂ ಆ ಚಿತ್ರದ ಮುಂದೆ ಹಾದು ನಿಮಗೆ ಅರ್ಜಿ ಕೊಡುತ್ತಿದ್ದೇನೆ. ಅವರ ಮುಖ ನೋಡಲು ನನಗೆ ಆಗುತ್ತಿಲ್ಲ. ಅವರ ಮಾತನ್ನು ಅವರ ಮನೆಯಿಂದ ಎತ್ತಿಕೊಂಡು ಬಂದು ನಿಮ್ಮ ಬೀರುವಿನಲ್ಲಿ ಹಾಕಿದವಳು ನಾನೇ.

ಕಳೆದ ಭಾನುವಾರ ನೀವು ನನ್ನನ್ನು ಒಳಗೆ ಕರೆದಿರಿ. ಮರ್ಯಾದಸ್ಥರು, ನಿಮ್ಮ ಕೈಯಿಂದಲೇ ಕಾಫಿ ಬಗ್ಗಿಸಿ ಕೊಟ್ಟಿರಿ. ನಾನು ಅದನ್ನು ತುಟಿಗೆ ಮುಟ್ಟಿಸದೆ ನಿಮ್ಮ ಮೇಜಿನ ಮೇಲಿಟ್ಟೆ. ಈ ಸಲ ತಿಳಿದೇ ಇಟ್ಟೆ. ನೀವು ಬಟ್ಟಲನ್ನು ನೋಡಿದಿರಿ. ನಿಮ್ಮ ಕೈ ಕಾಗದಗಳ ಮೇಲೆ ಹಾಗೇ ನಿಂತಿತು. ನೀವು ಈ ನೆಲದವರು, ನಿಮ್ಮ ತಂದೆಯ ಮನೆಯಲ್ಲೂ ಇಂಥ ಬಟ್ಟಲುಗಳನ್ನು ಕಂಡು ಬೆಳೆದವರು; ಅದು ಏನೆಂದು ನಿಮಗೆ ಯಾರೂ ಕಿವಿಯಲ್ಲಿ ಹೇಳಬೇಕಾಗಿರಲಿಲ್ಲ. ಒಂದು ಗಳಿಗೆ ನೀವು ಮುಖ್ಯಸ್ಥರಾಗಿರಲಿಲ್ಲ. ಆಮೇಲೆ ಕಾಗದಗಳನ್ನು ಒತ್ತಟ್ಟಿಗೆ ಸೇರಿಸುತ್ತ, "ನಿಮಗೆ ಕಾಫಿ ಇಷ್ಟ ಇಲ್ವೇನೋ, ಚಹಾ ತರಿಸ್ಲಾ ಡಾಕ್ಟರ್?" ಎಂದಿರಿ. ನಾನು ಎದ್ದು ಬಂದೆ.

ನನ್ನ ಬೇಡಿಕೆ ದೊಡ್ಡದಲ್ಲ. ಲೇಖನ ಬೇಡ, ನನ್ನ ಹೆಸರು ಎಲ್ಲೂ ಬೇಡ. ಸಂಶೋಧನೆಯನ್ನು ಕೈಬಿಟ್ಟೆನೆಂದು ಎಷ್ಟು ಪುಟಗಳಿಗೆ ಬೇಕಾದರೂ ಸಹಿ ಹಾಕಿಕೊಡುತ್ತೇನೆ. ಮೊದಲ ನಾಲ್ಕು ನಿಮಿಷವನ್ನು ನೀವೇ, ಬಾಗಿಲು ಹಾಕಿಕೊಂಡು, ಒಬ್ಬರೇ ಕೂತು ಕೇಳಿ. ಏಳು ತಲೆಮಾರಿನ ಹೆಸರು ಮುಗಿಯುವ ತನಕ ಕೇಳಿ. ಆಮೇಲೆ ಏಳನೆಯ ಗಂಟೆಯ ಪ್ರತಿಯನ್ನು ನಸ್ರಾಳ ಕೈಗೆ ಕೊಡಿ. ಅದೆಲ್ಲ ಕೇಳಿದ ಮೇಲೂ ಅಳಿಸಬೇಕು ಅನ್ನಿಸಿದರೆ ನಿಮ್ಮ ಬೆರಳಿನಿಂದಲೇ ಅಳಿಸಿ, ಗುಮಾಸ್ತರಿಗೆ ಹೇಳಬೇಡಿ. ಈಗ ಜೂನ್, ಮರಗಳಲ್ಲಿ ಕಾಯಿ ಬಣ್ಣ ತಿರುಗುವ ಹೊತ್ತು. ಮುಂದಿನ ಸರದಿಗೂ ನೀರು ಸಿಗದಿದ್ದರೆ ಹದಿನೇಳರಲ್ಲಿ ಎಷ್ಟು ಉಳಿಯುತ್ತವೋ ಗೊತ್ತಿಲ್ಲ ಎಂದು ನಸ್ರಾ ನಿನ್ನೆ ಹೇಳಿದಳು.

ಯಜಮಾನರಿಗೆ ನಾನು ಏನು ಬೇಡಲಿದ್ದೇನೆಂದೇ ಗೊತ್ತಿರಲಿಲ್ಲ, ಆದರೂ ಕೊಟ್ಟರು. ನಿಮಗೆ ಎಲ್ಲವೂ ಗೊತ್ತಿದೆ.

ಇಂತಿ,
ನಿಮ್ಮ ಮೇಜಿನ ಮೇಲಿನ ಕಾಫಿಯನ್ನು ಇನ್ನೂ ಕುಡಿಯದ,
ಮನ್ನೂಬಿಯಾ ಜಲ್ಲೂಲಿ
ಸಂದರ್ಶಕ ಪ್ರಾಧ್ಯಾಪಕಿ, ಕ್ಷೇತ್ರಕಾರ್ಯದ ನೀತಿ
(ಗುರುವಾರ ಮಧ್ಯಾಹ್ನ ಎರಡು ಗಂಟೆಯವರೆಗೆ)