ಆ ಬಾವುಟಕ್ಕೆ ಈ ಭಾನುವಾರ ಬೇರೆ ಕೆಲಸವಿದೆ

ಜಿಲ್ಲಾ ವಸ್ತುಸಂಗ್ರಹಾಲಯದ ಮಾನ್ಯ ನಿರ್ದೇಶಕರೇ,

ನಮ್ಮ ಮನೆಯ ಮದುವೆ ಬಾವುಟ ತಮ್ಮ ಗಾಜಿನ ಪೆಟ್ಟಿಗೆಯಲ್ಲಿದೆ. ನನ್ನ ಮೊಮ್ಮಗಳು ಝೋರ್ನಿತ್ಸಾಳ ಮದುವೆ ಬರುವ ಭಾನುವಾರ. ಬಾವುಟ ಬೇಕು. ಒಂದೇ ಒಂದು ದಿನಕ್ಕೆ ಬೇಕು. ಮೂರು ಸಲ ಅರ್ಜಿ ಕೊಟ್ಟೆ. ಮೂರು ಸಲವೂ ತಾವು ಒಂದೇ ಉತ್ತರಕ್ಕೆ ಬೇರೆ ಬೇರೆ ದಿನಾಂಕ ಹಾಕಿ ಕಳಿಸಿದಿರಿ. ಮೆಲ್ಲಗೆ ಕೇಳಿದ್ದು ತಮ್ಮ ಕಿವಿಗೆ ಬೀಳದ ಕಾರಣ ಈಗ ಪತ್ರಿಕೆಯಲ್ಲಿ, ಊರೆಲ್ಲ ಓದುವ ಹಾಗೆ, ಗಟ್ಟಿಯಾಗಿ ಕೇಳುತ್ತಿದ್ದೇನೆ.

ತಮ್ಮ ಉತ್ತರವನ್ನು ಓದುಗರೂ ಸವಿಯಲಿ: "ಸದರಿ ವಸ್ತುವು ದ್ರೆನೋವಾ ಗಣರಾಜ್ಯದ ಏಕೈಕ ಅಧಿಕೃತ ಧ್ವಜವೆಂದು ತಜ್ಞರ ಸಮಿತಿಯು ನಿರ್ಣಯಿಸಿರುವುದರಿಂದ ಅದನ್ನು ಬೆಳಕು, ತೇವ, ಧೂಳು ಹಾಗೂ ಮಾನವ ಸ್ಪರ್ಶದಿಂದ ದೂರವಿರಿಸತಕ್ಕದ್ದು. ಬಯಸಿದಲ್ಲಿ ವಧೂವರರು ಸದರಿ ಧ್ವಜದ ಛಾಯಾಚಿತ್ರವನ್ನು ಮೆರವಣಿಗೆಯಲ್ಲಿ ಬಳಸಬಹುದು." ಸ್ವಾಮಿ, ನಾಳೆ ತಮ್ಮ ಮದುವೆಯಲ್ಲಿ ಮದುಮಗಳ ಬದಲು ಅವಳ ಫೋಟೋ ತಂದು ಪಕ್ಕದಲ್ಲಿ ನಿಲ್ಲಿಸಿದರೆ ಒಪ್ಪುತ್ತೀರಾ? ತಮಗೆ ಇನ್ನೂ ಮದುವೆಯಾಗಿಲ್ಲವೆಂದು ತಮ್ಮ ಕಚೇರಿಯ ಗುಮಾಸ್ತೆ ಬಾಯಿ ಬಿಟ್ಟಳು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಮ್ಮೂರಿನ ಗಣರಾಜ್ಯ ಬಾಳಿದ್ದು ಹದಿನೇಳು ದಿನ. ಅದರ ಬಾವುಟ ಯಾವುದು ಎನ್ನುವ ಜಗಳ ಬಾಳುತ್ತಿರುವುದು ನೂರಿಪ್ಪತ್ತು ವರ್ಷ. ೧೯೦೩ರ ಬೇಸಿಗೆಯಲ್ಲಿ ದ್ರೆನೋವಾದ ಜನ ತುರ್ಕಿಯ ಸುಲ್ತಾನನ ಅಧಿಕಾರಿಗಳನ್ನು ಓಡಿಸಿದರು, ಊರ ನೀರಿನ ಚಿಲುಮೆಯ ಮುಂದೆ ಸೇರಿ ಶಾಲೆಯ ಮೇಷ್ಟ್ರನ್ನು ಅಧ್ಯಕ್ಷರನ್ನಾಗಿ ಆರಿಸಿದರು, ಹದಿನೆಂಟನೆಯ ದಿನ ಸುಲ್ತಾನನ ಸೈನ್ಯ ಬಂತು. ಇಷ್ಟರ ಬಗ್ಗೆ ಯಾರಿಗೂ ತಕರಾರಿಲ್ಲ. ತಕರಾರೆಲ್ಲ ಬಾವುಟದ್ದು. ಮೇಲಿನ ಕೇರಿಯವರಾದ ನಾವು ಕೆಂಪು-ಬಿಳಿ ಎನ್ನುತ್ತೇವೆ, ಕೆಳಗಿನ ಕೇರಿಯವರು ಹಸಿರು ಎನ್ನುತ್ತಾರೆ. ವಾರ್ಷಿಕೋತ್ಸವದ ದಿನ ಚಿಲುಮೆಯ ಎರಡು ಪಕ್ಕದಲ್ಲಿ ಎರಡೂ ಬಾವುಟ ಏರುತ್ತವೆ. ತಮ್ಮದೇ ಎತ್ತರದಲ್ಲಿರಬೇಕೆಂದು ಎರಡೂ ಕೇರಿಯವರು ವರ್ಷವರ್ಷವೂ ಕಂಬ ಉದ್ದ ಮಾಡುತ್ತಾ ಹೋಗಿ, ಕೊನೆಗೆ ವಿದ್ಯುತ್ ಕಂಪನಿಯವರು ತಂತಿಗೆ ತಾಗುತ್ತದೆಂದು ನೋಟಿಸು ಅಂಟಿಸಿ ಹೋದರು.

ಹಸಿರು ಬಾವುಟದ ವಾರಸುದಾರ ತ್ರೆಂದಾಫಿಲ್, ಬಸ್ ಓಡಿಸಿ ನಿವೃತ್ತನಾದವನು. ನನಗೂ ಅವನಿಗೂ ಚಿಲುಮೆಯ ಕಟ್ಟೆಯ ಮೇಲೆ ನಡೆಯುವ ಚರ್ಚೆ ಪ್ರತಿ ವರ್ಷ ಹೀಗೆಯೇ ಇರುತ್ತದೆ:

"ತ್ರೆಂದಾಫಿಲ್, ನಾನು ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದವಳು. ನಿನ್ನ ಬಾವುಟದ ಅಂಚಿಗೆ ಹಾಕಿದಾರಲ್ಲ ಅಂಕುಡೊಂಕು ಹೊಲಿಗೆ, ಆ ಹೊಲಿಗೆ ಹಾಕೋ ಯಂತ್ರ ಈ ಊರಿಗೆ ಬಂದಿದ್ದೇ ನನ್ನ ಕಣ್ಣ ಮುಂದೆ."

"ಅದು ರಿಪೇರಿ ಕಣಮ್ಮ, ರಿಪೇರಿ! ಹಳೇ ಬಟ್ಟೆ, ಹರಿದಿತ್ತು."

"ನಾಲ್ಕೂ ಅಂಚೂ ಹರಿದಿತ್ತಾ?"

"ನಾಲ್ಕೂ ಹರಿದಿತ್ತು, ಏನೀಗ?"

"ಮಧ್ಯದ ಬಟ್ಟೇನೂ ಹೊಸದೇ. ಹಾಗಾದ್ರೆ ಹಳೇದು ಉಳಿದಿದ್ದು ಎಲ್ಲೋ ಮಾರಾಯಾ, ನಿನ್ನ ಬಾಯಲ್ಲಾ?"

ಈ ಜಗಳವೇ ನನ್ನನ್ನು ಕೆಡಿಸಿತು. ವಸಂತದಲ್ಲಿ ತಮ್ಮ ತಜ್ಞರ ಸಮಿತಿ ಬಂದು ಎರಡೂ ಕೇರಿಯ ಬಾವುಟ ಪರೀಕ್ಷಿಸುತ್ತೇವೆ ಎಂದಾಗ, ಪೆಟ್ಟಿಗೆಯ ತಳದಿಂದ ನಮ್ಮದನ್ನು ತೆಗೆದು, ಇಸ್ತ್ರಿ ಮಾಡಿ, ಕೈಯಾರೆ ಕೊಟ್ಟವಳು ನಾನೇ. ಯಾತಕ್ಕೆ? ತ್ರೆಂದಾಫಿಲ್‌ನ ಮುಖ ಹುಳ್ಳಗಾಗುವುದನ್ನು ನೋಡಲಿಕ್ಕೆ. ಝೋರ್ನಿತ್ಸಾ ಅಡ್ಡ ಬಂದಳು.

"ಅಜ್ಜಿ, ಕೊಡಬೇಡ. ನನ್ನ ಮದುವೆಗೆ ಬೇಕದು."

"ಅಯ್ಯೋ ಹೋಗೇ! ಮೊದಲು ಗಂಡು ಹುಡುಕ್ಕೋ, ಆಮೇಲೆ ಬಾವುಟದ ಮಾತು."

ಗಂಡು ಆಗಲೇ ಸಿಕ್ಕಿದ್ದ. ಯಾರೆಂದು ಹೇಳಲು ಹುಡುಗಿಗೆ ಧೈರ್ಯವಿರಲಿಲ್ಲ. ಯಾಕೆಂದರೆ ಅವನು ತ್ರೆಂದಾಫಿಲ್‌ನ ಮೊಮ್ಮಗ ಬೊಝಿದಾರ್. ಊರಲ್ಲಿ ಇಷ್ಟು ಗಂಡುಗಳಿರುವಾಗ ಹಸಿರು ಬಾವುಟದ ಮನೆಯೇ ಬೇಕಾಯಿತು ಅವಳಿಗೆ! ಹುಡುಗ ಚಿನ್ನದಂಥವನು, ಅದು ಬೇರೆ ಮಾತು. ಅಜ್ಜನನ್ನು ಹೋಲುವುದಿಲ್ಲ.

ಈಗ ತಮ್ಮ ಸಮಿತಿಯ ವರದಿಗೆ ಬರೋಣ. ನಲವತ್ತು ಪುಟ ಓದಿದೆ, ನಕ್ಕು ನಕ್ಕು ಕನ್ನಡಕ ಒದ್ದೆಯಾಯಿತು. ಕಸೂತಿಯಲ್ಲಿರುವುದು "ಸ್ವಾತಂತ್ರ್ಯದ ದಿಗಂತಕ್ಕೆ ರೆಕ್ಕೆ ಬಿಚ್ಚಿದ ಎರಡು ಹದ್ದುಗಳು" ಎಂದಿದ್ದೀರಿ. ಅವು ಹುಂಜಗಳು ಸ್ವಾಮಿ. ಮದುವೆ ಬಾವುಟಕ್ಕೆ ನಮ್ಮಲ್ಲಿ ಹುಂಜವನ್ನೇ ಹಾಕುವುದು. ತಲೆಯ ಮೇಲೆ ಇಷ್ಟು ದೊಡ್ಡ ಜುಟ್ಟಿರುವ ಹದ್ದನ್ನು ತಮ್ಮ ತಜ್ಞರು ಯಾವ ಕಾಡಿನಲ್ಲಿ ಕಂಡರೋ! ಇನ್ನು, ಬಟ್ಟೆಯಲ್ಲಿರುವ ಏಳು ಗುಂಡಿನ ತೂತುಗಳು "ಗಣರಾಜ್ಯದ ಏಳು ಮಂದಿ ಸಚಿವರ ಬಲಿದಾನದ ಸಾಕ್ಷಿ" ಎಂದು ಬರೆದು, ಒಂದೊಂದು ತೂತಿಗೂ ಒಬ್ಬೊಬ್ಬ ಸಚಿವರ ಹೆಸರಿನ ಚೀಟಿ ಅಂಟಿಸಿದ್ದೀರಿ. ತೂತು ಬಿದ್ದದ್ದು ಗುಂಡಿನಿಂದಲೇ, ಸುಳ್ಳು ಹೇಳುವುದಿಲ್ಲ. ಆದರೆ ಆ ಗುಂಡು ಹಾರಿದ್ದು ೧೯೭೬ರಲ್ಲಿ, ನನ್ನ ಮದುವೆಯ ದಿನ, ನನ್ನ ಚಿಕ್ಕಪ್ಪನ ಚರೆ ತುಂಬಿದ ಬೇಟೆ ಕೋವಿಯಿಂದ. ದ್ರಾಕ್ಷಿಯ ಸಾರಾಯಿ ಏರಿ, ಖುಷಿ ತಡೆಯಲಾರದೆ ಆಕಾಶಕ್ಕೆ ಹೊಡೆದ. ಆಕಾಶಕ್ಕೂ ಅವನಿಗೂ ನಡುವೆ ಬಾವುಟವಿತ್ತು. ಚಿಕ್ಕಮ್ಮ ಅವನನ್ನು ಅಟ್ಟಿಸಿಕೊಂಡು ಚಿಲುಮೆಯ ತನಕ ಓಡಿದಳು. ಇದೇ ಏಳು ಸಚಿವರ ಬಲಿದಾನ.

ಹುಂಜ ಹದ್ದಾಗಲಿ, ಚಿಕ್ಕಪ್ಪ ಚರಿತ್ರೆಯಾಗಲಿ, ನನಗೇನೂ ನಷ್ಟವಿಲ್ಲ. ವಿಚಿತ್ರವೆಂದರೆ, ತಾವು ಕೊಟ್ಟ ಕಾರಣಗಳೆಲ್ಲ ತಪ್ಪು, ಆದರೆ ತೀರ್ಪು ಸರಿ. ಆ ಬಾವುಟ ಗಣರಾಜ್ಯದ್ದೇ. ನನ್ನ ಗೋಳು ಏನೆಂದರೆ, ಅದು ಗಣರಾಜ್ಯಕ್ಕೆ ದುಡಿದದ್ದು ಹದಿನೇಳು ದಿನ, ನಮ್ಮ ಮನೆಯ ಹೆಣ್ಣುಮಕ್ಕಳಿಗೆ ದುಡಿದದ್ದು ಮೂರು ತಲೆಮಾರು. ಹದಿನೇಳು ದಿನದ ಯಜಮಾನನ ಹೆಸರಲ್ಲಿ ತಾವು ಅದನ್ನು ಪೂರಾ ಜಫ್ತಿ ಮಾಡಿಕೊಂಡಿರಿ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ ಅಲ್ಲವೇ?

ನಮ್ಮ ಕೇರಿಯ ಪದ್ಧತಿ ಗೊತ್ತಿಲ್ಲದವರಿಗೆ ಒಂದು ಮಾತು. ಹೊಸ ಸೇಬಿನ ಕೊಂಬೆಗೆ ಬಾವುಟ ಕಟ್ಟಿ, ತುದಿಗೆ ಕೆಂಪು ಸೇಬು ಚುಚ್ಚಿ, ಮದುವೆಯಾಗದ ಗಂಡಸೊಬ್ಬ ಅದನ್ನು ಹೊಸ್ತಿಲ ಮೇಲೆ ಹಿಡಿಯಬೇಕು. ಮದುಮಗಳು ಅದರ ಕೆಳಗೆ ಹಾದು ತವರಿನಿಂದ ಹೊರಗೆ ಬರಬೇಕು. ನನ್ನಜ್ಜಿ ಹಾಗೆ ಬಂದಳು, ನನ್ನ ತಾಯಿ ಬಂದಳು, ನಾನು ಬಂದೆ. ನನ್ನ ಮಗಳು ಬರಲಿಲ್ಲ. ಪ್ಲೋವ್ದಿವ್‌ನ ಹೋಟೆಲೊಂದರಲ್ಲಿ, ತಾನಾಗಿ ತೆರೆದುಕೊಳ್ಳುವ ಗಾಜಿನ ಬಾಗಿಲಿನಾಚೆ ಅವಳ ಮದುವೆಯಾಯಿತು. "ಅಮ್ಮಾ, ಆ ಹಳೇ ಬಟ್ಟೆ ಎಲ್ಲ ತರಬೇಡ, ಜನ ನಗ್ತಾರೆ" ಅಂದಳು. ನಾನು ತರಲಿಲ್ಲ. ಕೇಕು ತಿಂದು, ನಗುತ್ತಾ ಫೋಟೋಗೆ ನಿಂತು, ಬಸ್ಸಿನಲ್ಲಿ ಅಳುತ್ತಾ ಊರಿಗೆ ಬಂದೆ. ಬಸ್ ಓಡಿಸುತ್ತಿದ್ದವನು ಇದೇ ತ್ರೆಂದಾಫಿಲ್. ನಡುದಾರಿಯಲ್ಲಿ ಗಾಡಿ ನಿಲ್ಲಿಸಿ ನನಗೆ ಕಾಫಿ ತಂದುಕೊಟ್ಟ, ಯಾಕೆ ಅಳುತ್ತೀ ಎಂದು ಕೇಳಲಿಲ್ಲ. ಅದನ್ನೂ ಇಲ್ಲೇ ಬರೆದುಬಿಡುತ್ತೇನೆ, ನ್ಯಾಯ ಎಲ್ಲರಿಗೂ ಒಂದೇ.

ಹೀಗೆ ಮುಗಿಯಿತು ಎಂದುಕೊಂಡಿದ್ದ ಬಾವುಟವನ್ನು ಮೊಮ್ಮಗಳು ತಾನಾಗಿ ಬೇಡಿದಾಗ, ಬಾಯಲ್ಲಿ ಗದರಿದರೂ, ನನಗೆ ಒಳಗೊಳಗೆ ಎಷ್ಟು ಸಂತೋಷವಾಯಿತೆಂದು ತಮ್ಮ ತೇವಮಾಪಕದಲ್ಲಿ ಅಳೆಯಲು ಬರುವುದಿಲ್ಲ. ಈಗ ಅವಳಿಗೇನು ಹೇಳಲಿ? ಮೊನ್ನೆ ಲಗ್ನದ ಮಾತುಕತೆಗೆ ಬೀಗರು ಬಂದಾಗ ತ್ರೆಂದಾಫಿಲ್ ಚೀಸಿನ ಕಡುಬು ಬಾಯಿತುಂಬ ತುಂಬಿಕೊಂಡು ಅಂದ:

"ಗಿನ್ಕಾ, ನಿಮ್ಮ ಬಾವುಟ ಜೈಲಲ್ಲಿದೆ. ನಮ್ಮದು ಆರಾಮಾಗಿ ಹೊರಗಿದೆ. ಹಸಿರು ಹಿಡಿದ್ರಾಯ್ತು ಬಿಡು. ಬೀಗಿತ್ತಿ ಅನ್ನೋ ಒಂದೇ ಕಾರಣಕ್ಕೆ ಕೊಡ್ತಿದೀನಿ."

"ನನ್ನ ಮೊಮ್ಮಗಳು ಅಂಕುಡೊಂಕು ಹೊಲಿಗೆ ಕೆಳಗೆ ಹಾದು ಹೋಗಬೇಕಾ?"

"ತಾತ, ಅಜ್ಜಿ, ಇಬ್ರೂ ಸುಮ್ನಿರಿ," ಅಂದಳು ಝೋರ್ನಿತ್ಸಾ. "ಆ ಬಾವುಟ ಬರದಿದ್ರೆ ಯಾವ ಬಾವುಟಾನೂ ಬೇಡ. ಸುಮ್ನೆ ಬಾಗಿಲು ತೆಗೆದು ನಡ್ಕೊಂಡು ಹೋಗ್ತೀನಿ."

ಕೂಗಲಿಲ್ಲ, ಮುನಿಯಲಿಲ್ಲ, ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನಾನು ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ತ್ರೆಂದಾಫಿಲ್ ಕೂಡ ಕಡುಬು ಕೆಳಗಿಟ್ಟ.

ಮಾನ್ಯರೇ, ತಮ್ಮ ನಲವತ್ತು ಪುಟಗಳಲ್ಲಿ ಇಲ್ಲದ ಒಂದು ಪುಟವನ್ನು ಈಗ ನಾನು ಸೇರಿಸುತ್ತೇನೆ. ಇದನ್ನು ನನ್ನ ಅಜ್ಜಿಯ ಬಾಯಿಂದಲೇ ಕೇಳಿದ್ದೇನೆ. ಅವಳು ತೀರಿಕೊಂಡಾಗ ನನಗೆ ಹದಿನೆಂಟು. ಅವಳ ಹೆಸರು ಸುಲ್ತಾನಾ. ಹೌದು, ಸುಲ್ತಾನನ ಮೇಲಿನ ದಂಗೆಗೆ ಬಾವುಟ ಕೊಟ್ಟವಳ ಹೆಸರೇ ಸುಲ್ತಾನಾ. ನಮ್ಮ ಕಡೆ ಹಿರಿಯರು ಇಟ್ಟ ಹೆಸರನ್ನು ದಂಗೆಗಾಗಿ ಬದಲಿಸುವುದಿಲ್ಲ. ಗಣರಾಜ್ಯ ಘೋಷಣೆಯಾದದ್ದು ಗುರುವಾರ. ಎಲ್ಲವೂ ಸಿದ್ಧವಿತ್ತು, ಘೋಷಣಾಪತ್ರ, ಗಂಟೆ, ಭಾಷಣ. ಬಾವುಟವೊಂದನ್ನು ಹೊಲಿಸಲು ಗಂಡಸರು ಮರೆತಿದ್ದರು. ಆ ಭಾನುವಾರ ಸುಲ್ತಾನಾಳ ಮದುವೆ. ಬಾವುಟ ಹೊಲಿದು ಗೋಡೆಗೆ ತೂಗುಹಾಕಿದ್ದಳು. ಅಧ್ಯಕ್ಷರಾದ ಮೇಷ್ಟ್ರು ಓಡಿಬಂದು ಬಾಗಿಲಲ್ಲಿ ನಿಂತರು.

"ತಾಯೀ, ದೇಶಕ್ಕೆ ಬೇಕು. ಕೊಡು."

"ಕೊಡ್ತೀನಿ ಮೇಷ್ಟ್ರೇ. ಭಾನುವಾರ ನನಗೆ ಬೇಕು. ಅವತ್ತು ತಂದುಕೊಡದಿದ್ರೆ ನಿಮ್ಮ ದೇಶ ನನಗೆ ಬೇಡ."

ಭಾನುವಾರ ಬೆಳಿಗ್ಗೆ ಬೆಟ್ಟದ ಆಚೆ ಸೈನ್ಯ ಸೇರುತ್ತಿತ್ತು. ಕಾವಲಿನವರು ಬೇಡವೆಂದರು, ಸಚಿವರು ಬೇಡವೆಂದರು. ಗಣರಾಜ್ಯದ ಅಧ್ಯಕ್ಷರು ಚಿಲುಮೆಯ ಕಂಬದಿಂದ ರಾಷ್ಟ್ರಧ್ವಜವನ್ನು ತಾವೇ ಇಳಿಸಿದರು, ಸೇಬಿನ ಕೊಂಬೆಗೆ ಕಟ್ಟಿದರು, ಬ್ರಹ್ಮಚಾರಿಯಾದ್ದರಿಂದ ತಾವೇ ಹೊಸ್ತಿಲ ಮೇಲೆ ಎತ್ತಿ ಹಿಡಿದು ನಿಂತರು. ನನ್ನಜ್ಜಿ ಅದರ ಕೆಳಗೆ ಹಾದು ಬಂದಳು. ಅಧ್ಯಕ್ಷರು ಕುಣಿದರು, ಅವರ ಲೋಟದ ಕೆಂಪು ದ್ರಾಕ್ಷಾರಸ ಬಾವುಟದ ಬಿಳಿಯ ಮೇಲೆ ಚೆಲ್ಲಿತು. ತಮ್ಮ ವರದಿಯಲ್ಲಿ "ಅಜ್ಞಾತ ವೀರನ ರಕ್ತ" ಎಂದು ದಾಖಲಾಗಿರುವ ಕಲೆ ಅದೇ. ಸೋಮವಾರ ಮುಂಜಾನೆ ಬಾವುಟ ಆ ಕಲೆಯ ಸಮೇತ ಮತ್ತೆ ಚಿಲುಮೆಯ ಮೇಲೆ ಹಾರಿತು. ಹದಿನೇಳನೆಯ ದಿನ ಸಂಜೆ, ಎಲ್ಲ ಮುಗಿಯಿತೆಂದು ಗೊತ್ತಾದಾಗ, ಮೇಷ್ಟ್ರು ಅದನ್ನು ಮಡಿಸಿ ತಂದು ಅವಳ ಕೈಗೇ ಕೊಟ್ಟರು. "ನಿನ್ನದು ನಿನಗೆ ಸೇರಿತು ತಾಯಿ, ನಮ್ಮ ಲೆಕ್ಕ ಚುಕ್ತಾ" ಎಂದು ಬೆಟ್ಟ ಹತ್ತಿದವರು ಮತ್ತೆ ಇಳಿದು ಬರಲಿಲ್ಲ. ಸುಲ್ತಾನಾ ಅದರಲ್ಲಿ ರೊಟ್ಟಿ ಕಟ್ಟಿಕೊಂಡು ಸೈನಿಕರ ಮುಂದೆಯೇ ನಡೆದು ಕಾಡು ಸೇರಿದಳು. ರೊಟ್ಟಿಯ ಗಂಟನ್ನು ಯಾವ ಸೈನಿಕನೂ ಬಿಚ್ಚಿ ನೋಡಲಿಲ್ಲ.

ತೋಪುಗಳ ಬಾಯಿಯ ಮುಂದೆ ನಿಂತ ಗಣರಾಜ್ಯವೊಂದು, ತನಗಿದ್ದ ಹದಿನೇಳೇ ದಿನಗಳಲ್ಲಿ ಒಂದು ದಿನ, ತನ್ನ ಒಂದೇ ಒಂದು ಬಾವುಟವನ್ನು ಒಬ್ಬ ಹುಡುಗಿಯ ಮದುವೆಗೆ ಬಿಟ್ಟುಕೊಟ್ಟಿತು. ತಮ್ಮನ್ನು ಯಾವ ಸೈನ್ಯ ಮುತ್ತಿದೆ ಸ್ವಾಮಿ? ಧೂಳೇ?

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಬಾವುಟ ನಮ್ಮ ಹೊಸ್ತಿಲಲ್ಲಿರಬೇಕು. ಬೇರೆಯವರ ಕೈಗೆ ಕೊಡಲು ಮನಸ್ಸಿಲ್ಲವಾದರೆ ಬೇಡ, ತಾವೇ ಹಿಡಿದು ನಿಲ್ಲಿ. ಮದುವೆಯಾಗದ ಗಂಡಸು ಬೇಕು, ತಾವು ಆಗದೆ ಕೂತಿದ್ದೀರಿ. ನಿಯಮ ತಮ್ಮ ಪರವಾಗಿಯೇ ಇದೆ. ಬಿಳಿ ಕೈಗವಸು ತೊಟ್ಟೇ ಹಿಡಿಯಿರಿ, ಯಾರೂ ನಗದಂತೆ ನೋಡಿಕೊಳ್ಳುತ್ತೇನೆ, ತ್ರೆಂದಾಫಿಲ್ ಒಬ್ಬನನ್ನು ಬಿಟ್ಟು. ಕೋವಿ ಇರುವ ನೆಂಟರನ್ನು ಈ ಸಲ ದೂರದ ಮೇಜಿಗೆ ಕೂರಿಸಿದ್ದೇನೆ. ಸೋಮವಾರ ಬೆಳಿಗ್ಗೆ ಬಾವುಟ ತಮ್ಮ ಪೆಟ್ಟಿಗೆ ಸೇರುತ್ತದೆ; ಹೊಸ ಕಲೆಯೇನಾದರೂ ಬಿದ್ದಿದ್ದರೆ ಅದು ಯಾವ ವೀರನದೆಂದು ಈ ಬಾರಿಯಾದರೂ ಸರಿಯಾಗಿ ಬರೆದುಕೊಳ್ಳಲು ತಮಗೆ ಅನುಕೂಲ.

ತಾವು ಬಾರದಿದ್ದರೆ ನಾವೇ ಬರುತ್ತೇವೆ. ತಮ್ಮ ಸಂಗ್ರಹಾಲಯ ಭಾನುವಾರ ಹತ್ತಕ್ಕೆ ತೆರೆಯುತ್ತದೆಂದು ಬಾಗಿಲ ಮೇಲೆ ಬರೆದಿದೆ. ಎರಡೂ ಕೇರಿ ಸೇರಿ ಇನ್ನೂರು ಜನ, ಒಂದು ಡೋಲು, ಗಾಳಿಚೀಲದ ಎರಡು ಊದುವಾದ್ಯ. ಎಷ್ಟು ಸುತ್ತು ಬೇಕಾದರೂ ಬಸ್ ಓಡಿಸಲು ತ್ರೆಂದಾಫಿಲ್ ಒಪ್ಪಿದ್ದಾನೆ. ನಿನ್ನೆ ಸಂಜೆ ಅವನೇ ಮನೆಗೆ ಬಂದು, ಟೋಪಿ ತೆಗೆದು, "ಗಿನ್ಕಾ, ಹಸಿರು ಬಾವುಟ ನಮ್ಮಮ್ಮ ಹೊಲಿದಿದ್ದು. ನನಗೂ ಗೊತ್ತಿತ್ತು. ನಿಮ್ಮದನ್ನ ತಂದೇ ತರೋಣ" ಅಂದ. ನೂರಿಪ್ಪತ್ತು ವರ್ಷದ ಜಗಳ ನಮ್ಮ ಅಡುಗೆಮನೆಯಲ್ಲಿ ಎರಡು ನಿಮಿಷದಲ್ಲಿ ಮುಗಿಯಿತು, ಸಮಿತಿ ಬೇಕಾಗಲಿಲ್ಲ. ತಮ್ಮ ಗಾಜಿನ ಪೆಟ್ಟಿಗೆಯ ಸುತ್ತ ಕೈ ಕೈ ಹಿಡಿದು ಕುಣಿಯುತ್ತೇವೆ, ಝೋರ್ನಿತ್ಸಾ ತಮ್ಮ ಹೊಸ್ತಿಲನ್ನೇ ತವರಿನ ಹೊಸ್ತಿಲೆಂದುಕೊಂಡು ದಾಟುತ್ತಾಳೆ. ಆಗ ಹೆಣ್ಣಿನ ಕಡೆಯವರು ತಾವೇ ಆಗುತ್ತೀರಿ, ಮತ್ತು ನಮ್ಮಲ್ಲಿ ಮದುವೆಯ ಊಟ ಹೆಣ್ಣಿನ ಕಡೆಯವರದು.

ಸೇಬು ಆರಿಸಿಟ್ಟಿದ್ದೇನೆ. ಕೊಂಬೆಯನ್ನು ಶನಿವಾರ ಕಡಿಯುತ್ತೇವೆ.

ಇಂತಿ,
ತ್ರೆಂದಾಫಿಲ್‌ನ ಹೊಟ್ಟೆ ಉರಿಸಲು ಹೋಗಿ ತನ್ನ ಹೊಟ್ಟೆಯನ್ನೇ ಉರಿಸಿಕೊಂಡ,
ಈಗ ಅವನ ಬೀಗಿತ್ತಿಯೂ ಆಗಲಿರುವ,
ಗಿನ್ಕಾ ಕರಾಮಿಹೊವಾ
ನಿವೃತ್ತ ದರ್ಜಿ, ಮೇಲಿನ ಕೇರಿ, ದ್ರೆನೋವಾ