ಅಕ್ಕನ ಮನೆಯ ನೀರು

೧೪ ಏಪ್ರಿಲ್ ೧೯೩೯, ಶುಕ್ರವಾರ. ಹಿರೇಕೆರೂರು.

ಇವತ್ತು ಅಕ್ಕನ ಮನೆಯಲ್ಲಿ ನೀರು ಕುಡಿದು ಬಂದೆ.

ಯಾರು ಎಷ್ಟು ಕುಡಿಯುತ್ತಾರೆ ಎಂದು ಮನೆಮನೆಗೆ ಹೋಗಿ ಕೇಳಿ ಬರಲು ಪಾನನಿರೋಧ ಮಂಡಳಿಯವರು ನಮ್ಮಂಥ ಮಾಸ್ತರರನ್ನು ಹಚ್ಚಿದ್ದಾರೆ. ನನ್ನ ಪಾಲಿಗೆ ಬಂದದ್ದು ಹಂಸಭಾವಿ, ಅಕ್ಕನನ್ನು ಕೊಟ್ಟ ಊರು. ಗಂಡಸರದೆಲ್ಲ ಒಂದೇ ಪಾಠ: "ಹಬ್ಬಕ್ಕ ಒಂದೀಟು ರೀ, ಮಾಸ್ತರ." ಇವರನ್ನು ನಂಬಿದರೆ ಸೆರೆ ಅಂಗಡಿಯವನು ಉಪವಾಸ ಸಾಯಬೇಕು.

ಅಕ್ಕನ ಮನೆ ಬಿಡುವಂತಿರಲಿಲ್ಲ. ಭಾವ ಹೊರಗೆ ಹೋಗಿದ್ದ. ನೆಲ ನೋಡುತ್ತ ಕೇಳಿದೆ.

"ಅವರು ಕುಡಿಯೂದಿಲ್ಲ. ಹಂಗ ಬರಕೋ," ಅಂದಳು. ಬರೆದುಕೊಂಡೆ. ಜೀವಕ್ಕೆ ಸಮಾಧಾನವೂ ಆಯಿತು.

ಬಾಯಾರಿ ನೀರು ಕೇಳಿದರೆ ತಾಮ್ರದ ಕೊಡದಿಂದ ಬಗ್ಗಿಸಿ ಕೊಟ್ಟಳು. ಇಂಥ ಬಿಸಿಲಲ್ಲಿ! ತವರಲ್ಲಿ ಮಡಕೆಯ ನೀರಿಲ್ಲದೆ ಊಟಕ್ಕೇ ಕೂರದವಳು.

"ಮಡಕಿ ಎಲ್ಲೈತಬೇ ಅಕ್ಕಾ?"

"ಮಣ್ಣಿಂದು ಈ ಮನ್ಯಾಗ ಉಳಿಯೂದಿಲ್ಲೋ ತಮ್ಮಾ."

ಅಂದವಳೇ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಗ ಅಡಿಗೆಮನೆ ಕಣ್ಣಿಗೆ ಬಿತ್ತು. ಒಂದು ಗಡಿಗೆ ಇಲ್ಲ, ಒಂದು ಮಣ್ಣಿನ ಮುಚ್ಚಳವಿಲ್ಲ. ಇದ್ದ ತಾಮ್ರ, ಹಿತ್ತಾಳೆಯೆಲ್ಲ ನೆಗ್ಗಿಹೋಗಿದೆ. ಎಷ್ಟು ಕುಡಿಯುತ್ತಾನೆ ಎಂದು ಇನ್ನು ಕೇಳುವುದೇನಿತ್ತು?

"ಅವ್ವಗ ಹೇಳಬ್ಯಾಡ," ಅಂದಳು. ಬರೆದದ್ದನ್ನು ನಾನು ತಿದ್ದಲಿಲ್ಲ.

ಸಂಜೆ ಮನೆಗೆ ಬಂದರೆ, ಅವ್ವ ಕುಂಬಾರರ ಓಣಿಯಿಂದ ಹೊಸ ಮಡಕೆ ತಂದು ನೀರು ತುಂಬಿಸಿ ಇಟ್ಟಿದ್ದಾಳೆ.

"ಬ್ಯಾಸಗಿ ಐತಿ, ಅಕ್ಕಗ ಕೊಟ್ಟು ಬಾರೋ. ಬಡದು ನೋಡೇ ತಂದೇನಿ, ಬಾಳಿಕಿ ಬರತೈತಿ."

ಹೂಂ ಅಂದೆ.