ಉದ್ದನೆಯ ಸರಪಳಿ

ಡಿಸೆಂಬರ್ ೯, ಮಂಗಳವಾರ

ನಾಯಿಗಳನ್ನು ಗಿಡ್ಡ ಸರಪಳಿಯಲ್ಲಿ ಕಟ್ಟುವುದು ಹಿಂಸೆಯಂತೆ. ಹೋದ ವಾರ ಪುರಸಭೆಯಲ್ಲಿ ಉದ್ದನೆಯ ಸರಪಳಿಯ ಕಾನೂನಿಗೆ ಕೈಯೆತ್ತದ ಸದಸ್ಯೆ ನಾನೊಬ್ಬಳೇ. ಅಧ್ಯಕ್ಷೆ ಪಿಪಾಲುಕ್ ನಕ್ಕಳು. “ಅಜ್ಜೀ, ನಿಮ್ಮನ್ನೇ ಗೂಟಕ್ಕೆ ಕಟ್ಟಿದ್ರೆ ಗೊತ್ತಾಗ್ತಿತ್ತು!”

“ನನ್ನನ್ನ ಕಟ್ಟೋ ಗೂಟ ಗ್ರೀನ್‌ಲ್ಯಾಂಡಲ್ಲಿ ಇನ್ನೂ ಹುಟ್ಟಿಲ್ಲ ಕಣೇ,” ಅಂದೆ.

ಇವತ್ತು ಮಗ ಮಾಲಿಕ್ ತನ್ನ ಜಾರುಬಂಡಿ ಎಳೆಯುವ ನಾಯಿಗಳಿಗೆಲ್ಲ ಉದ್ದನೆಯ ಸರಪಳಿ ಹಾಕಿದ. ಸಂಜೆ ಹೋಗಿ ನೋಡಿದೆ. ಹಿರಿಯ ಗಂಡುನಾಯಿ ಸುತ್ತಿದ ಗುರುತು ಹಿಮದಲ್ಲಿ ಶಾಲೆಯ ಕಾಲುದಾರಿಯನ್ನೂ ದಾಟಿತ್ತು.

“ಹಳೇದನ್ನೇ ಹಾಕೋ.”

“ಕಾನೂನಮ್ಮಾ. ನಾಳೆ ಪುರಸಭೆಯವ್ರು ನೋಡೋಕೆ ಬರ್ತಾರೆ.”

ಈ ಮನೆಯಲ್ಲಿ ನನ್ನ ಮಾತು ನಡೆಯದೆ ಹೋದದ್ದು ಇದೇ ಮೊದಲು. ಹಳೆಯ ಸರಪಳಿ ಹಿಡಿದು ನಾನೇ ಹೋದೆ. ನಾಯಿ ಕಾಲುದಾರಿಯ ಮೇಲೆಯೇ ಮಲಗಿತ್ತು. ಮರಿಯಾಗಿದ್ದಾಗಿನಿಂದ ನನ್ನ ಕೈಯಲ್ಲಿ ತಿಂದದ್ದು, ನನ್ನನ್ನು ಕಂಡು ಗುರುಗುಟ್ಟಿತು. ಹಿಂದಕ್ಕೆ ಬಂದೆ.

ಮೊಮ್ಮಗಳು ನಿವಿ ಬೆಳಿಗ್ಗೆ ಕತ್ತಲಲ್ಲೇ ಶಾಲೆಗೆ ಹೊರಡುತ್ತಾಳೆ. ಯಾರು ಕರೆದರೂ ನಿಲ್ಲುವ ಹುಡುಗಿಯಲ್ಲ, ಓಡುತ್ತಾಳೆ. ಓಡುವುದನ್ನು ಕಂಡರೆ ಆ ನಾಯಿ ಮೇಲೆ ಬೀಳದೆ ಬಿಡುವುದಿಲ್ಲ.